ಏರಿಳಿತವೇ ಕಾರಣ: ಸ್ತ್ರೀ ಹಾರ್ಮೋನುಗಳು, ಆತಂಕ ಮತ್ತು ಸ್ಟರ್ಲಿಂಗ್‌ನ ಕನ್ನಡ ಕುಟುಂಬಗಳು

ಹೆರಿಗೆಯಾಗಿ ತಿಂಗಳು ಕಳೆದಿರುತ್ತದೆ, ಇಲ್ಲವೇ ಮುಟ್ಟಿಗೆ ಇನ್ನೊಂದು ವಾರ ಇರುತ್ತದೆ, ಇಲ್ಲವೇ ನಲವತ್ತು ದಾಟಿ ಮುಟ್ಟು ಹಿಂದುಮುಂದಾಗತೊಡಗಿರುತ್ತದೆ. ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ದಿಗಿಲು ಬಿಡುವುದಿಲ್ಲ. ಇಷ್ಟನ್ನು ಹೊತ್ತು ವೈದ್ಯರ ಬಳಿಗೆ ಹೋದ ಹೆಂಗಸಿಗೆ ಎಷ್ಟೋ ಸಲ ಸಿಗುವುದು ಒಂದು ರಕ್ತಪರೀಕ್ಷೆ, ಆಮೇಲೆ ‘ಎಲ್ಲಾ ನಾರ್ಮಲ್ ಇದೆ’ ಎಂಬ ಮಾತು. ಆ ಮಾತು ಮನೆ ತಲುಪುವ ಹೊತ್ತಿಗೆ ‘ನಿನಗೇನೂ ಆಗಿಲ್ಲ’ ಎಂದಾಗಿರುತ್ತದೆ. ಹಾರ್ಮೋನಿನ ಮಟ್ಟ ಸಹಜವಾಗಿದ್ದಾಗಲೂ ಹಾರ್ಮೋನಿನ ದೆಸೆಯಿಂದಲೇ ಆತಂಕ ಹುಟ್ಟಬಲ್ಲದು ಎಂಬುದು ಈ ಲೇಖನದ ವಾದ. ಇದಕ್ಕೆ ಬೇಕಾದ ಪುರಾವೆಯಲ್ಲಿ ಬಹುಪಾಲು ದೊರೆತಿರುವುದು ವಾಷಿಂಗ್ಟನ್ನಿನಿಂದ ಕ್ಯಾರೊಲೈನಾ, ಅಟ್ಲಾಂಟಾಗಳವರೆಗಿನ ಸಂಶೋಧನಾಲಯಗಳಲ್ಲಿ, ಅಂದರೆ ವರ್ಜೀನಿಯಾದ ಸ್ಟರ್ಲಿಂಗ್‌ನ ಕನ್ನಡತಿಯರ ನೆರೆಯಲ್ಲೇ.

ಡಲ್ಲೆಸ್ ವಿಮಾನನಿಲ್ದಾಣಕ್ಕೆ ಅಂಟಿಕೊಂಡ, ಲೌಡನ್ ಕೌಂಟಿಗೆ ಸೇರಿದ ಸ್ಟರ್ಲಿಂಗ್‌ನಿಂದ ಪೊಟೋಮ್ಯಾಕ್ ನದಿ ದಾಟಿದರೆ ಮೇರಿಲ್ಯಾಂಡಿನ ಬೆಥೆಸ್ಡಾ. ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪೀಟರ್ ಶ್ಮಿಟ್, ಡೇವಿಡ್ ರುಬಿನೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1998ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅದನ್ನು ಕೊಂಚ ವಿವರವಾಗಿಯೇ ನೋಡಬೇಕು. ಮುಟ್ಟಿನ ಮುಂಚೆ ತೀವ್ರ ಮಾನಸಿಕ ತೊಂದರೆ ಅನುಭವಿಸುತ್ತಿದ್ದ ಹೆಂಗಸರಿಗೆ ಅವರು ಲ್ಯುಪ್ರೊಲೈಡ್ ಎಂಬ ಚುಚ್ಚುಮದ್ದು ಕೊಟ್ಟು ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಹಲವರ ತೊಂದರೆ ಇಳಿಯಿತು. ಹೀಗೆ ಚೇತರಿಸಿಕೊಂಡ 10 ಮಂದಿಗೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ಅನ್ನು ಮರಳಿ ಕೊಟ್ಟಾಗ ಹಳೆಯ ತೊಂದರೆಯೂ ಮರಳಿತು. ಆ ತೊಂದರೆಯೇ ಇಲ್ಲದ 15 ಮಂದಿಗೆ ಅದೇ ಚುಚ್ಚುಮದ್ದು, ಅವೇ ಹಾರ್ಮೋನುಗಳನ್ನು ಕೊಟ್ಟರೂ ಅವರ ಮನಸ್ಸು ಅಲ್ಲಾಡಲಿಲ್ಲ. ಹಾರ್ಮೋನು ಎಲ್ಲರಿಗೂ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ಅದನ್ನು ಬರಮಾಡಿಕೊಂಡ ಮೆದುಳು.

ಅದೇ ತಂಡ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾರ್ಮೋನನ್ನು ಮರಳಿ ಕೊಡಲು ಶುರುಮಾಡಿದ ಮೊದಲ ತಿಂಗಳಲ್ಲಿ ತೊಂದರೆ ಮರುಕಳಿಸಿತು. ಅದೇ ಮಟ್ಟವನ್ನು ಏರಿಳಿತವಿಲ್ಲದೆ ಮುಂದುವರಿಸಿದಾಗ ತಗ್ಗಿತು. ಕೆಡುಕು ಮಟ್ಟದಲ್ಲಿಲ್ಲ, ಬದಲಾವಣೆಯಲ್ಲಿದೆ ಎನ್ನಲು ಇದಕ್ಕಿಂತ ನೇರವಾದ ಪುರಾವೆ ನನಗೆ ತಿಳಿದಂತೆ ಇನ್ನೊಂದಿಲ್ಲ. ಒಂದು ದಿನ ಬೆಳಿಗ್ಗೆ ತೆಗೆದ ರಕ್ತ ಆ ಗಳಿಗೆಯ ಮಟ್ಟವನ್ನಷ್ಟೇ ಹೇಳುತ್ತದೆ. ಅದು ಎಲ್ಲಿಂದ ಇಳಿದು ಬಂತು, ಎಷ್ಟು ಬೇಗ ಇಳಿಯಿತು ಎಂಬುದನ್ನು ಹೇಳುವುದಿಲ್ಲ.

ಬದಲಾವಣೆ ಆತಂಕವಾಗಿ ಪರಿಣಮಿಸುವ ದಾರಿಯೊಂದನ್ನು 1986ರಲ್ಲೇ ಬೆಥೆಸ್ಡಾದ ಮಯೆವ್ಸ್ಕಾ, ಸ್ಟೀವನ್ ಪಾಲ್ ಮೊದಲಾದವರು ತೋರಿಸಿದ್ದರು. ಮೆದುಳಿನ ಉದ್ವೇಗವನ್ನು ತಗ್ಗಿಸುವ ಮುಖ್ಯ ರಾಸಾಯನಿಕ ಗಾಬಾ. ಪ್ರೊಜೆಸ್ಟರಾನಿನಿಂದ ಹುಟ್ಟುವ ಅಲೋಪ್ರೆಗ್ನನೊಲೋನ್ ಎಂಬ ಸಂಯುಕ್ತ ಗಾಬಾದ ಗ್ರಾಹಕಕ್ಕೆ ಅಂಟಿಕೊಂಡು ಅದರ ಕೆಲಸಕ್ಕೆ ಬಲ ಕೊಡುತ್ತದೆ. ಡಯಾಜೆಪಾಮ್‌ನಂಥ ಮಾತ್ರೆಗಳೂ ಇದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕೆಲಸ ಮಾಡುತ್ತವೆ. ಗರ್ಭಿಣಿಯಲ್ಲಿ ಈ ಸಂಯುಕ್ತ ತಿಂಗಳುಗಟ್ಟಲೆ ಏರುತ್ತಾ ಹೋಗಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಹೆಚ್ಚಿನವರ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ, ಕೆಲವರದು ಹೊಂದಿಕೊಳ್ಳುವುದಿಲ್ಲ. ಬ್ಲಾಕ್, ಶ್ಮಿಟ್, ರುಬಿನೋ ಮುಂತಾದವರು 2000ದಲ್ಲಿ, ಬಸುರಿಯಲ್ಲದ ಹೆಂಗಸರಲ್ಲಿ ಔಷಧಿಯಿಂದಲೇ ಗರ್ಭಾವಸ್ಥೆಯ ಹಾರ್ಮೋನ್ ಏರಿಕೆಯನ್ನೂ ಹೆರಿಗೆಯ ನಂತರದ ಇಳಿಕೆಯನ್ನೂ ಸೃಷ್ಟಿಸಿದರು. ಹಿಂದೆ ಬಾಣಂತನದಲ್ಲಿ ಖಿನ್ನತೆ ಕಂಡಿದ್ದ 8 ಮಂದಿಯಲ್ಲಿ 5 ಮಂದಿಗೆ ಮನಸ್ಸಿನ ಲಕ್ಷಣಗಳು ಮತ್ತೆ ಕಾಣಿಸಿಕೊಂಡವು. ಹಾಗೆ ಕಂಡಿರದ 8 ಮಂದಿಯಲ್ಲಿ ಒಬ್ಬರಿಗೂ ಇಲ್ಲ.

ಈ ತಿಳಿವು ಔಷಧಿಯೂ ಆಯಿತು. ರುಬಿನೋ ಮುಂದೆ ಉತ್ತರ ಕ್ಯಾರೊಲೈನಾದ ಚಾಪೆಲ್ ಹಿಲ್‌ಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದ ಸಮಂತಾ ಮೆಲ್ಟ್ಜರ್-ಬ್ರೋಡಿ ಮುಂದಾಳಾಗಿ ನಡೆಸಿದ ಪರೀಕ್ಷೆಗಳಿಂದ ಬ್ರೆಕ್ಸನೊಲೋನ್, ಅಂದರೆ ಅಲೋಪ್ರೆಗ್ನನೊಲೋನಿನದೇ ಔಷಧ ರೂಪ, 2019ರ ಮಾರ್ಚಿನಲ್ಲಿ ಮಂಜೂರಾಯಿತು. ಅದನ್ನು ಆಸ್ಪತ್ರೆಯಲ್ಲಿ 60 ಗಂಟೆ ಡ್ರಿಪ್ ಹಾಕಿ ಕೊಡಬೇಕಿತ್ತು. ಮನೆಯಲ್ಲೇ 14 ದಿನ ನುಂಗಬಹುದಾದ ಜುರನೊಲೋನ್ 2023ರ ಆಗಸ್ಟಿನಲ್ಲಿ ಬಂತು. ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಎರಡೂ ಮಂಜೂರಾದದ್ದು ಬಾಣಂತಿಯರ ಖಿನ್ನತೆಗೆ. ಮೇಲೆ ಹೇಳಿದ ಪ್ರಯೋಗಗಳೂ ಒಟ್ಟಾರೆ ಮನಸ್ಥಿತಿಯನ್ನು ಅಳೆದವು. ಆತಂಕ ಅದರ ಒಂದು ಎಳೆ ಮಾತ್ರ. ಆತಂಕವನ್ನೇ ಮುಂದಿಟ್ಟುಕೊಂಡು ನಡೆದ ಅಧ್ಯಯನಗಳು ಖಿನ್ನತೆಯವಕ್ಕಿಂತ ತೀರಾ ಕಡಿಮೆ. ಇದನ್ನು ಈ ಕ್ಷೇತ್ರದ ದೊಡ್ಡ ಕೊರತೆ ಎಂದೇ ನಾನು ಎಣಿಸುತ್ತೇನೆ, ಏಕೆಂದರೆ ಖಿನ್ನತೆಯ ಸುಳಿವೇ ಇಲ್ಲದೆ ಬರೀ ದಿಗಿಲಿನಲ್ಲಿ ಬೇಯುವ ತಾಯಂದಿರು ಇದ್ದಾರೆ.

ಭಯವನ್ನು ನೇರವಾಗಿ ಅಳೆದದ್ದು ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು. ಗ್ರೇಡಿ ಆಸ್ಪತ್ರೆಗೆ ಬರುವ, ಬದುಕಿನಲ್ಲಿ ಆಘಾತಗಳನ್ನು ಕಂಡ ಜನರ ನಡುವೆ ಕೆರಿ ರೆಸ್ಲರ್ ಮತ್ತು ಸಂಗಡಿಗರು ಮಾಡಿದ ಕೆಲಸ 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಂದು ಜೀನ್ ವ್ಯತ್ಯಾಸಕ್ಕೂ ಆಘಾತದ ನಂತರದ ಆತಂಕಕ್ಕೂ ಇರುವ ನಂಟು ಹೆಂಗಸರಲ್ಲಿ ಮಾತ್ರ ಕಂಡಿತು, ಮತ್ತು ಆ ವ್ಯತ್ಯಾಸ ಇದ್ದದ್ದು ಈಸ್ಟ್ರೋಜನ್‌ಗೆ ಸ್ಪಂದಿಸುವ ಜಾಗದಲ್ಲಿ. ಮರುವರ್ಷ ಅದೇ ಬಳಗ ಇನ್ನೊಂದು ಸಂಗತಿ ತೋರಿಸಿತು: ಅಂಥ ಆತಂಕವಿರುವ ಹೆಂಗಸರಲ್ಲಿ ಈಸ್ಟ್ರೋಜನ್ ಕಡಿಮೆಯಿದ್ದಾಗ ಕಲಿತ ಭಯ ಬೇಗ ಅಳಿಯುವುದಿಲ್ಲ.

ಇನ್ನು ಸ್ಟರ್ಲಿಂಗ್‌ನ ಮನೆಯೊಳಗೆ. ಊರಲ್ಲಾಗಿದ್ದರೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಅಂಟಿನುಂಡೆಗಳ ನಡುವೆ ತಿಂಗಳುಗಟ್ಟಲೆ ಬಾಣಂತನ ನಡೆಯುತ್ತದೆ. ಆ ಪಥ್ಯಗಳ ಗುಣ ಏನೇ ಇರಲಿ, ಬಾಣಂತಿಗೆ ನಿಜವಾಗಿ ಸಿಗುತ್ತಿದ್ದದ್ದು ನಿದ್ದೆ. ಅತ್ತ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಅಮೆರಿಕಕ್ಕೆ ಆ ಕೈ ವಿಸಿಟರ್ ವೀಸಾದಲ್ಲಿ ಬರುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಗೆ. ಅಮ್ಮ ಊರಿಗೆ ಹೊರಡುವುದು, ಮಗು ಎದೆಹಾಲು ಕಡಿಮೆ ಮಾಡುವುದು, ನಿಂತಿದ್ದ ಮುಟ್ಟು ಮರಳುವುದು ಎಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒದಗುತ್ತವೆ. ಕೆಲಸಕ್ಕೆ ಎಷ್ಟೋ ಸಲ ಅದಕ್ಕೂ ಮುಂಚೆಯೇ ಹಿಂದಿರುಗಬೇಕಾಗಿರುತ್ತದೆ. ಭಾರತದಲ್ಲಿ 2017ರಿಂದ ಕಾನೂನುಬದ್ಧವಾಗಿ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಅಮೆರಿಕದ 1993ರ ಫೆಡರಲ್ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಹೆರಿಗೆಯ ನಂತರದ ತಪಾಸಣೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮುಗಿದಿರುತ್ತದೆ. ಆರನೇ ತಿಂಗಳಲ್ಲಿ ಬಾಣಂತಿಯನ್ನು ಕೇಳುವವರು ಕಡಿಮೆ. ಆ ತಿಂಗಳನ್ನು ಅಧ್ಯಯನ ಮಾಡಬೇಕೆಂಬುದು ನನ್ನ ಒತ್ತಾಯ.

ಸಲಕರಣೆಗೆ ಬರವಿಲ್ಲ. ಬಾಣಂತಿಯರ ಮನಸ್ಸನ್ನು ಅರಿಯಲು 1987ರಲ್ಲಿ ರೂಪಿಸಿದ ಎಡಿನ್‌ಬರೊ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಗ್ರಾಮೀಣ ಕರ್ನಾಟಕದ ಗರ್ಭಿಣಿಯರೊಡನೆ ಪರೀಕ್ಷಿಸಲಾಗಿದೆ. ಅದರ ಹತ್ತು ಪ್ರಶ್ನೆಗಳಲ್ಲಿ ಮೂರು, ನಾಲ್ಕು, ಐದನೆಯವು ಆತಂಕಕ್ಕೆ ಸಂಬಂಧಿಸಿದವು. ಆ ಮೂರರ ಅಂಕವನ್ನು ಪ್ರತ್ಯೇಕವಾಗಿಯೂ ನೋಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡ್ ಇದೆ. ಚಾಪೆಲ್ ಹಿಲ್‌ನಲ್ಲಿ ಬಾಣಂತಿಯರಿಗೆಂದೇ ಮನೋರೋಗ ವಾರ್ಡ್ ತೆರೆದದ್ದು 2011ರಲ್ಲಿ. ಎರಡೂ ಕಡೆಯ ಅನುಭವವನ್ನು ಜೋಡಿಸುವ ಕೆಲಸಕ್ಕೆ ಎರಡೂ ನೆಲವನ್ನು ಬಲ್ಲ ಕನ್ನಡ ವೈದ್ಯರೇ ಸರಿ.

ಮುಟ್ಟಿನ ಮುಂಚಿನ ಆತಂಕಕ್ಕೆ ಇನ್ನೂ ಸರಳವಾದ ಪರೀಕ್ಷೆಯಿದೆ. ಪ್ರತಿ ರಾತ್ರಿ ಮಲಗುವ ಮುಂಚೆ ಆ ದಿನದ ಕಳವಳ, ಸಿಡುಕು, ನಿದ್ದೆ, ಎದೆಬಡಿತಗಳಿಗೆ 1ರಿಂದ 6ರವರೆಗೆ ಅಂಕ ಹಾಕಿ, ಮುಟ್ಟಾದ ದಿನಗಳಿಗೆ ಗುರುತು ಮಾಡುವುದು, ಹೀಗೆ ಎರಡು ಋತುಚಕ್ರ. ಮುಟ್ಟಿನ ಹಿಂದಿನ ವಾರ 5, 6 ಇದ್ದ ಅಂಕ ಮುಟ್ಟಾದ ಎರಡು ಮೂರು ದಿನಕ್ಕೆ 1, 2ಕ್ಕೆ ಇಳಿದು, ಮರುತಿಂಗಳೂ ಅದೇ ನಡೆ ಕಂಡರೆ ಕಾರಣ ಬಹುಮಟ್ಟಿಗೆ ಗೊತ್ತಾದಂತೆ. ತಿಂಗಳಿಡೀ 5 ಇದ್ದು ಮುಟ್ಟಿನ ಹೊತ್ತಿಗೆ 6 ಆದರೆ ಅದು ಬೇರೆಯೇ ಆತಂಕ, ಋತುಚಕ್ರ ಅದನ್ನು ಕೆರಳಿಸುತ್ತಿದೆಯಷ್ಟೆ, ಚಿಕಿತ್ಸೆಯೂ ಬೇರೆ. ಡೆಸ್ಕಿನ ಮೇಲಿನ ನೋಟ್‌ಬುಕ್ಕಿನ ಎರಡು ಪುಟ ದುಬಾರಿ ಹಾರ್ಮೋನ್ ಪ್ಯಾನಲ್‌ಗಿಂತ ಹೆಚ್ಚು ಹೇಳುತ್ತವೆ. ರಕ್ತಪರೀಕ್ಷೆ ಬೇಕಾಗುವುದು ಬೇರೆ ಕಾರಣಕ್ಕೆ: ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತವಾಗಲಿ ರಕ್ತಹೀನತೆಯಾಗಲಿ ಇದೇ ಎದೆಬಡಿತವನ್ನು ತರಬಲ್ಲವು.

ಮುಟ್ಟು ನಿಲ್ಲುವ ಕಾಲದ ಬಗ್ಗೆ ಅಮೆರಿಕದ ದೊಡ್ಡ ದೀರ್ಘಕಾಲೀನ ಅಧ್ಯಯನವೊಂದು 1990ರ ದಶಕದ ನಡುವೆ ಶುರುವಾದ ‘ಸ್ವಾನ್’. ಮೊದಲು ಆತಂಕ ಹೆಚ್ಚಿಲ್ಲದಿದ್ದ ಹೆಂಗಸರಲ್ಲಿ ಈ ಕಾಲದಲ್ಲಿ ತೀವ್ರ ಆತಂಕದ ಸಂಭವ ಏರುತ್ತದೆ ಎಂದು ಅದರ 2013ರ ವರದಿ ತೋರಿಸಿತು. ಅದು ಆರಿಸಿಕೊಂಡ ಸಮುದಾಯಗಳು ಬಿಳಿಯರು, ಕಪ್ಪುಜನ, ಹಿಸ್ಪಾನಿಕರು, ಚೀನೀಯರು, ಜಪಾನೀಯರು. ಭಾರತೀಯರದೊಂದು ಗುಂಪು ಅದರಲ್ಲಿಲ್ಲ. ಇದರ ಪರಿಣಾಮ ಸಣ್ಣದಲ್ಲ. ಅಮೆರಿಕದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು, ಭಾರತೀಯ ಹೆಂಗಸರಲ್ಲಿ ಸುಮಾರು 46. ಏರಿಳಿತ ಶುರುವಾಗುವುದು ಅದಕ್ಕೂ ಹಲವು ವರ್ಷ ಮುಂಚೆ. 41ರ ಕನ್ನಡತಿಯೊಬ್ಬಳು ದಿಗಿಲು, ನಿದ್ರಾಹೀನತೆ ಎಂದು ಹೇಳಿಕೊಂಡಾಗ, 51ನ್ನೇ ಮನಸ್ಸಿನಲ್ಲಿಟ್ಟುಕೊಂಡ ವೈದ್ಯರಿಗೆ ಋತುಬಂಧದ ಯೋಚನೆಯೇ ಬರುವುದಿಲ್ಲ. ಈಸ್ಟ್ರೋಜನ್ ಚಿಕಿತ್ಸೆ ಯಾರಿಗೆ, ಯಾವಾಗ ಎಂಬ ನಿರ್ಧಾರ ರಕ್ತದೊತ್ತಡ, ಸ್ತನದ ಕಾಯಿಲೆಯ ಚರಿತ್ರೆ, ರಕ್ತ ಹೆಪ್ಪುಗಟ್ಟುವ ಅಪಾಯಗಳನ್ನೆಲ್ಲ ನೋಡಿ ಆಗಬೇಕಾದದ್ದು. ಆದರೆ ಆ ಮಾತು ಶುರುವಾಗಬೇಕಾದರೂ ಅಮ್ಮನಿಗೆ, ಅಕ್ಕನಿಗೆ, ಚಿಕ್ಕಮ್ಮನಿಗೆ ಮುಟ್ಟು ಯಾವ ವಯಸ್ಸಿಗೆ ನಿಂತಿತು ಎಂಬುದನ್ನು ಹೆಂಗಸರು ಕೇಳಿ ತಿಳಿದುಕೊಂಡು ಹೋಗಿ ವೈದ್ಯರ ಮುಂದಿಡಬೇಕು. ವೈದ್ಯರು ಅದನ್ನು ಫೈಲಿಗೆ ಸೇರಿಸಬೇಕು.