ಕಂಬಳಿಯ ಅಂಚಿನ ಬಿಳಿ ಗೆರೆ ಯಾರದ್ದು?

2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್‌ಲೆಂಡ್ ಆಟಗಾರರ ತೋಳಿನ ಮೇಲೆ ಕನ್ನಡ ಅಕ್ಷರಗಳಲ್ಲಿ 'ನಂದಿನಿ' ಅಂತ ಇದ್ದದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಹಾಲು ಮಹಾಮಂಡಳಿ ಆ ಸಲ ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕ ಆಗಿತ್ತು. ಕನ್ನಡ ಅಕ್ಷರ ಜರ್ಸಿ ಏರಿತು ಅಂತ ಎಲ್ಲರೂ ಖುಷಿಪಟ್ಟೆವು, ನಾನೂ ಪಟ್ಟೆ. ಆದರೆ ಆಮೇಲೆ ತಲೆಯಲ್ಲಿ ಒಂದು ಹುಳ ಸೇರಿಕೊಂಡಿತು. ಬಟ್ಟೆಯ ಮೇಲೆ ನಮ್ಮ ಅಕ್ಷರ ಹೋಯಿತು, ಸರಿ. ಬಯಲಲ್ಲಿ, ಮಳೆಯಲ್ಲಿ, ಚಳಿಯಲ್ಲಿ ತೊಡುವ ಬಟ್ಟೆಯನ್ನೇ ವಿನ್ಯಾಸ ಮಾಡಿದವರು ನಮ್ಮಲ್ಲಿ ಯಾರೂ ಇರಲಿಲ್ಲವೇ?

ಇದ್ದರು, ಅದೂ ನಮ್ಮ ಚಳ್ಳಕೆರೆ ಸೀಮೆಯಲ್ಲೇ. ಆದರೆ ಅವರನ್ನು ಡಿಸೈನರ್ ಅಂತ ಯಾರೂ ಕರೆಯಲಿಲ್ಲ, ಕಂಬಳಿ ನೇಯುವವರು ಅಂದರು ಅಷ್ಟೇ.

ಕಂಬಳಿ ಅಂದರೆ ಹೊದಿಕೆ ಅಂತ ಪೇಟೆಯವರು ತಿಳಿದಿರುತ್ತಾರೆ. ಕುರಿ ಕಾಯುವವರಿಗೆ ಅದು ಉಡುಪು. ಒಂದು ತುದಿಯ ಮೂಲೆಗಳನ್ನು ಮಡಿಸಿ ಸೇರಿಸಿ ತಲೆಯ ಮೇಲೆ ಇಳಿಬಿಟ್ಟರೆ ಕೊಪ್ಪೆ. ತಲೆ, ಬೆನ್ನು, ತೋಳು ಮುಚ್ಚುತ್ತದೆ, ಮುಂದೆ ಎರಡೂ ಕೈ ಖಾಲಿ. ಕೊಡೆ ಹಿಡಿದವನಿಗೆ ಒಂದೇ ಕೈ ಉಳಿಯುತ್ತದೆ, ಕೊಪ್ಪೆ ಹಾಕಿದವನು ಒಂದು ಕೈಲಿ ಕೋಲು, ಇನ್ನೊಂದರಲ್ಲಿ ಮರಿ ಹಿಡಿದು ನಡೆಯಬಹುದು. ಕೊಪ್ಪೆ ಬಿಚ್ಚಿ ಹೆಗಲಿಗೆ ಹಾಕಿದರೆ ಶಾಲು, ನೆಲಕ್ಕೆ ಹಾಸಿದರೆ ಹಾಸಿಗೆ, ನಾಲ್ಕು ಮೂಲೆ ಕಟ್ಟಿದರೆ ಗಂಟು, ಜಾಲಿಮುಳ್ಳಿನ ನಡುವೆ ನುಗ್ಗುವಾಗ ಗುರಾಣಿ. ಮನೆಯಲ್ಲಿ ದೇವರ ಕಾರ್ಯ ಇದ್ದರೆ ಅದೇ ಕಂಬಳಿ ಗದ್ದುಗೆಯಾಗುತ್ತದೆ! ಇವತ್ತು ಟ್ರೆಕ್ಕಿಂಗ್ ಅಂಗಡಿಗಳಲ್ಲಿ 'ಹಲವು ಉಪಯೋಗದ ಉಡುಪು' ಅಂತ ದುಡ್ಡು ಕೀಳುತ್ತಾರಲ್ಲ, ಅದರ ಮೂಲಪಾಠ ಇಲ್ಲೇ ಇದೆ.

ಮಳೆಯೇ ಇಲ್ಲದ ಸೀಮೆಯಲ್ಲಿ ಮಳೆಯ ಉಡುಪು ಯಾಕೆ ಹುಟ್ಟಿತು ಅಂತ ನೀವು ಕೇಳಬಹುದು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಆದರೆ ಮಳೆ ಕಡಿಮೆ ಆದ್ದರಿಂದಲೇ ಮೇವು ಹುಡುಕಿಕೊಂಡು ಕುರಿ ಮಂದೆ ಊರು ಬಿಟ್ಟು ಹೊರಡಬೇಕು. ಹೊರಟವರಿಗೆ ಬೇರೆ ಸೀಮೆಯ ಮಳೆ, ಹೊಲದಲ್ಲಿ ಮಂದೆ ಕೂಡಿದ ರಾತ್ರಿಯ ಚಳಿ, ಹಗಲಿನ ಬಿಸಿಲು, ಗಾಳಿ ಎಲ್ಲಕ್ಕೂ ಒಂದೇ ಬಟ್ಟೆ. ನಾಲ್ಕು ಥರದ ಬಟ್ಟೆ ಹೊತ್ತು ತಿರುಗಲಿಕ್ಕೆ ಆಗುವುದಿಲ್ಲವಲ್ಲ. ಹಾಗಾಗಿ ಕಂಬಳಿ ಹೀಗಾಯಿತು.

ಇನ್ನು ಅದರ ಒಳಗುಟ್ಟು. ನಮ್ಮ ಕಡೆ ಕುರಿ ಹೆಚ್ಚಾಗಿ ಬಳ್ಳಾರಿ ತಳಿಯದ್ದು. ಕಪ್ಪು, ಬಿಳಿ, ಎರಡೂ ಬೆರೆತದ್ದು, ಹೀಗೆ ಬಣ್ಣ ಹಲವು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಈ ಉಣ್ಣೆ ಬಹಳ ಒರಟು. ಮೈಗೆ ಅಂಟಿಕೊಳ್ಳುವ ನುಣುಪಾದ ಮೆರಿನೋ ಉಣ್ಣೆಯ ಎಳೆ ಸಾಮಾನ್ಯವಾಗಿ 18ರಿಂದ 22 ಮೈಕ್ರಾನ್ ದಪ್ಪ, ನಮ್ಮದು ಅದರ ಎರಡರಷ್ಟಕ್ಕೂ ಮೇಲೆ. ಅದಕ್ಕೇ ಚುಚ್ಚುತ್ತದೆ. ಆದರೆ ಒರಟು ಎಳೆಗೆ ಬಾಳಿಕೆ ಹೆಚ್ಚು. ಉಣ್ಣೆಯ ಎಳೆಯ ಮೇಲ್ಮೈಯಲ್ಲಿ ಹೆಂಚು ಹೊದಿಸಿದ ಹಾಗೆ ಪದರು ಇರುತ್ತದೆ, ಜೊತೆಗೆ ಕುರಿಯ ಮೈಯದೇ ಜಿಡ್ಡು. ಹನಿ ಬಿದ್ದರೆ ಜಾರುತ್ತದೆ. ತೇವವನ್ನು ಒಳಗೆ ಎಳೆದುಕೊಂಡರೂ ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ಆವಿ ಹೀರುವ ತನಕ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಇದನ್ನೆಲ್ಲ ಪ್ರಯೋಗಾಲಯ ಈಚೆಗೆ ಹೇಳಿತು, ಕುರಿಯ ಹಿಂದೆ ನಡೆದವರಿಗೆ ಮೊದಲೇ ಗೊತ್ತಿತ್ತು.

ಉಣ್ಣೆ ಬಿಡಿಸಿ, ಬಿಲ್ಲಿನಿಂದ ಹಿಂಜಿ, ಮನೆಯ ಹೆಂಗಸರು ನೂಲುತ್ತಿದ್ದರು. ಹಾಸಿನ ಎಳೆಗಳನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಬಳಿಯುತ್ತಾರೆ. ಎಳೆ ಬಿಗಿಯಾಗುತ್ತದೆ, ನೇಯುವಾಗ ಹರಿಯುವುದಿಲ್ಲ. ಆಮೇಲೆ ಗುಂಡಿ ಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಹಾಸುಹೊಕ್ಕು ಅನ್ನುವ ಮಾತನ್ನು ನಾವೆಲ್ಲ ಬರವಣಿಗೆಯಲ್ಲಿ ಸುಮ್ಮನೆ ಬಳಸುತ್ತೇವೆ. ಆ ಮಾತು ಹುಟ್ಟಿದ್ದು ಮಗ್ಗದ ಗುಂಡಿಯಲ್ಲಿ. ಉಣ್ಣೆ ಇಲ್ಲಿನ ಜನಕ್ಕೆ ಬರೀ ಸರಕೂ ಅಲ್ಲ. ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಅಂತ ಪಂಗಡಗಳೇ ಇವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರ ಯಾವುದು ಅನ್ನುವುದರ ಮೇಲೆ ಗುರುತು!

ಈಗ ನನ್ನ ತಲೆಯ ಹುಳದ ವಿಷಯಕ್ಕೆ ಬರೋಣ: ಅಂಚು. ಕರಿ ಕಂಬಳಿಗೆ ಬಣ್ಣ ಹಾಕುವುದಿಲ್ಲ, ಕುರಿಯ ಬಣ್ಣವೇ ಅದರ ಬಣ್ಣ. ಕರಿ ಮೈಯ ಅಂಚಿಗೆ ಬಿಳಿ ಉಣ್ಣೆಯ ಗೆರೆ ಎಳೆಯುತ್ತಾರೆ. ಬಣ್ಣದ ಡಬ್ಬಿ ಇಲ್ಲದೆ, ಎರಡೇ ಎರಡು ಬಣ್ಣದಲ್ಲಿ, ದೂರದಿಂದಲೂ ಕಾಣುವ ಗುರುತು. ಇವತ್ತಿನ ಗ್ರಾಫಿಕ್ ಡಿಸೈನ್ ಶಾಲೆಗಳಲ್ಲಿ ಕಲಿಸುವ ಮೊದಲ ಪಾಠವೂ ಇದೇ ತಾನೆ, ಕಡಿಮೆಯಲ್ಲಿ ಹೆಚ್ಚು ಹೇಳುವುದು?

ಗೆರೆ ಅಂದರೆ ಆಟದ ಬಟ್ಟೆಯ ಲೋಕದಲ್ಲಿ ಸಣ್ಣ ವಿಷಯ ಅಲ್ಲ. ಅಡಿಡಾಸ್‌ನ ಮೂರು ಗೆರೆ ನೋಡಿ. ಅದು ಮೊದಲು ಫಿನ್ಲೆಂಡಿನ ಕಾರ್ಹು ಅನ್ನುವ ಕಂಪನಿಯ ಗುರುತಾಗಿತ್ತು. 1950ರ ದಶಕದ ಆರಂಭದಲ್ಲಿ ಅದು ಜರ್ಮನಿಗೆ ಮಾರಾಟವಾಯಿತು, ಬೆಲೆಯ ಜೊತೆ ಎರಡು ಬಾಟಲಿ ವಿಸ್ಕಿಯೂ ಸೇರಿತ್ತು ಅಂತ ಕಾರ್ಹುನವರೇ ಹೇಳಿಕೊಳ್ಳುತ್ತಾರೆ :-) ಅದೇ ಗೆರೆಯ ಸಲುವಾಗಿ ಕಂಪನಿ ಎಷ್ಟೋ ಕೋರ್ಟಿನ ಮೆಟ್ಟಿಲು ಹತ್ತಿತು. 2019ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೊಂದು, ಯಾವ ದಿಕ್ಕಿಗೆ ಬೇಕಾದರೂ ಎಳೆದ ಮೂರು ಸಮಾನ ಗೆರೆಯನ್ನು ಒಬ್ಬರ ಟ್ರೇಡ್‌ಮಾರ್ಕ್ ಅನ್ನಲಾಗದು ಎಂದು ತೀರ್ಪು ಕೊಟ್ಟಿತು. ನೈಕಿಯ ಸ್ವೂಶ್ ಗುರುತನ್ನು 1971ರಲ್ಲಿ ಬರೆದುಕೊಟ್ಟ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್‌ಗೆ ಸಿಕ್ಕಿದ್ದು 35 ಡಾಲರ್. ಮುಂದೆ 1983ರಲ್ಲಿ ಕಂಪನಿ ಆಕೆಯನ್ನು ಕರೆದು ಷೇರು ಕೊಟ್ಟು ಗೌರವಿಸಿತು. ತಡವಾದರೂ ಹೆಸರು ಸಿಕ್ಕಿತು. ನಮ್ಮ ಕಂಬಳಿಯ ಅಂಚಿಗೆ ಮೊದಲ ಗೆರೆ ಎಳೆದ ತಾಯಿಯದ್ದೋ ತಂದೆಯದ್ದೋ ಹೆಸರು ಯಾವ ದಫ್ತರದಲ್ಲೂ ಇಲ್ಲ.

ಹೆಸರು ಹಾಕುವ ರೂಢಿ ನಮ್ಮ ಸೀಮೆಯಲ್ಲಿ ಇರಲಿಲ್ಲ ಅಂತ ಮಾತ್ರ ಹೇಳಬೇಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಕಿರು ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ರಾಜನ ಮಾತೆಲ್ಲ ಬ್ರಾಹ್ಮೀ ಲಿಪಿಯಲ್ಲಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಹೆಸರಿನ ಜೊತೆ 'ಲಿಪಿಕಾರ' ಅನ್ನುವ ಅರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಭಾರತದ ಲಿಪಿ ಅದು, ಬಲದಿಂದ ಎಡಕ್ಕೆ ಓದುವಂಥದ್ದು. ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಬರೆದ. ನನ್ನ ಪ್ರಕಾರ ಅದು ಒಬ್ಬ ಕೆಲಸಗಾರನ ಹೆಮ್ಮೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಕ್ಷರದ ಕೆಲಸದವನಿಗೆ ಹೆಸರು ದಕ್ಕಿತು. ಎಳೆಯ ಕೆಲಸದವರಿಗೆ ದಕ್ಕಲಿಲ್ಲ. ಕಲ್ಲು ಉಳಿಯುತ್ತದೆ, ಉಣ್ಣೆಗೆ ನುಸಿ ಹಿಡಿಯುತ್ತದೆ ಅನ್ನುವುದು ಒಂದು ಕಾರಣ. ಬರೆಯುವವನು ಆಳುವವರ ಹತ್ತಿರ ಇದ್ದ, ನೇಯುವವನು ಕುರಿಯ ಹತ್ತಿರ ಇದ್ದ ಅನ್ನುವುದು ಇನ್ನೊಂದು.

ಬೇರೆ ಕಡೆ ಇದು ಬೇರೆ ಥರ ಆಗಿದೆ. ಮತ್ತೆ ಸ್ಕಾಟ್‌ಲೆಂಡಿಗೇ ಹೋಗೋಣ. ಅಲ್ಲಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಬಡವರು ತಮ್ಮ ಮನೆಯಲ್ಲಿ ನೇಯುತ್ತಿದ್ದ ಒರಟು ಉಣ್ಣೆ ಬಟ್ಟೆ ಹ್ಯಾರಿಸ್ ಟ್ವೀಡ್. ಮಳೆಗಾಳಿಗೆ ಒಡ್ಡಿಕೊಂಡು ದುಡಿಯುವ ಜನರ ಬಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನ್ದಾರರು ಬೇಟೆಗೆ, ಮೀನು ಹಿಡಿಯಲಿಕ್ಕೆ ಅದನ್ನು ತೊಡತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅದಕ್ಕೊಂದು ಮುದ್ರೆ ಬಂತು. 1993ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನನ್ನೇ ಮಾಡಿತು: ಆ ದ್ವೀಪದವರು ತಮ್ಮ ಮನೆಗಳಲ್ಲೇ ಕೈಯಿಂದ ನೇಯ್ದದ್ದಕ್ಕೆ ಮಾತ್ರ ಆ ಹೆಸರು. 2004ರಲ್ಲಿ ನೈಕಿ ಕಂಪನಿ ತನ್ನ ಟರ್ಮಿನೇಟರ್ ಶೂಗಳಿಗೆ ಆ ಬಟ್ಟೆಯನ್ನು ಅಲ್ಲಿನ ನೇಕಾರರಿಂದಲೇ ತರಿಸಿಕೊಂಡಿತು. ಆ ಬಟ್ಟೆ ನಮ್ಮ ಕಂಬಳಿಗಿಂತ ಬುದ್ಧಿಯಲ್ಲಿ ಮೇಲೇನಲ್ಲ. ಅದಕ್ಕೆ ಹೆಸರನ್ನು ಕಾಯುವ ಕಾನೂನು ಇತ್ತು, ಕಂಬಳಿಗೆ ದೊಣ್ಣೆ ಹಿಡಿದ ಕುರಿಗಾಹಿ ಮಾತ್ರ ಇದ್ದ.

ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮೈ ಒಂದು ಬಣ್ಣ, ದೊಡ್ಡ ಅಂಚು ಇನ್ನೊಂದು, ಬೇರೆ ಬೇರೆ ಲಾಳಿಗಳಿಂದ ನೇಯುವ ಕಲೆ ಅದು. ಹೆಸರು ಸಿಕ್ಕಿದ ಮಾತ್ರಕ್ಕೆ ನೇಕಾರರ ಕಷ್ಟ ತೀರಲಿಲ್ಲ ನಿಜ, ಆದರೆ ಊರಿನ ಹೆಸರಿಗೆ ಒಂದು ಕಾವಲು ಬಂತು. ರೇಷ್ಮೆ ಮದುವೆಯ ಮನೆಗೆ, ಕಂಬಳಿ ಹೊಲಕ್ಕೆ ಅಂತ ನಾವು ಭಾಗ ಮಾಡಿಬಿಟ್ಟಿದ್ದೇವೆ. ಎವರೆಸ್ಟಿಗೆ ಅಂಥ ಭೇದ ಇರಲಿಲ್ಲ ನೋಡಿ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಕಾಣೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆ ಪದರು ಪದರಾಗಿ, ಹೊರಗೆ ಗ್ಯಾಬರ್ಡೀನ್. ಆ ಬಟ್ಟೆಗಳ ಪಡಿಯಚ್ಚು ಮಾಡಿ 2006ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲೇ ತೊಟ್ಟು ನೋಡಿದರು. ಹಗುರ, ಬೆಚ್ಚಗೆ, ಮೈ ತಿರುಗಿಸಲು ಸಲೀಸು ಅನ್ನಿಸಿತಂತೆ. ರೇಷ್ಮೆ ಮತ್ತು ಉಣ್ಣೆ! ಅಕ್ಕಪಕ್ಕದ ನಮ್ಮ ಎರಡು ತಾಲ್ಲೂಕು ಕೈಕುಲುಕಿದ ಹಾಗೆ.

ಇಷ್ಟು ಬರೆದು ಹಳೆಯ ವೈಭವದ ಪಟ್ಟಿ ಅಂತ ಮುಗಿಸಬಹುದಿತ್ತು. ಆದರೆ ಕಂಬಳಿ ಹುಟ್ಟುವುದು ಮಗ್ಗದಲ್ಲಿ ಅಲ್ಲ, ಹುಲ್ಲಿನಲ್ಲಿ. ಚಳ್ಳಕೆರೆ ಸುತ್ತಿನ ಹುಲ್ಲುಗಾವಲುಗಳು ಮೈಸೂರು ಅರಸರ ಕಾಲದ ಅಮೃತ ಮಹಲ್ ಕಾವಲುಗಳು. ಯುದ್ಧಕ್ಕೆ ತೋಪು ಎಳೆಯುವ ದನ ಸಾಕಲು ಇಟ್ಟ ನೆಲ. ಕಾವಲು ಸರ್ಕಾರದ್ದಾದರೂ ಸುತ್ತಲಿನ ಹಳ್ಳಿಗಳ ಕುರಿ ದನಗಳಿಗೂ ಅದೇ ಆಸರೆ. 2010ರ ಆಸುಪಾಸಿನಲ್ಲಿ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ನೆಲ ಹಂಚಿಕೆಯಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಕೂಡಿಸಿದರೆ ಎಂಟು ಸಾವಿರ ಎಕರೆಗೂ ಮೇಲೆ. ಬೇಲಿ, ಗೋಡೆ ಎದ್ದವು. ಜನ ಪ್ರತಿಭಟಿಸಿದರು, 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು, ಯೋಜನೆಗಳು ಮುಂದುವರಿದವು.

ಚಂದ್ರಯಾನ-2ರ ತಯಾರಿಗೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ ಪರೀಕ್ಷೆ ಮಾಡಿದರು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ನೌಕೆ ಇಲ್ಲಿನ ರನ್‌ವೇಯಲ್ಲಿ ತಾನಾಗಿ ಬಂದಿಳಿಯಿತು. ನನಗೂ ಹೆಮ್ಮೆಯೇ. ಚಂದ್ರನ ದಾರಿ ನಮ್ಮೂರ ಮೇಲೆ ಹೋಯಿತಲ್ಲ! ಆದರೆ ಕುರಿಯ ದಾರಿ ಮುಚ್ಚಿದ್ದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಮೇವು ಕಡಿಮೆಯಾದರೆ ಮಂದೆ ಸಣ್ಣದಾಗುತ್ತದೆ. ಮಾಂಸಕ್ಕೆ ಬೆಲೆ ಇದೆ, ಒರಟು ಉಣ್ಣೆಗೆ ಇಲ್ಲ. ಹಾಗಾಗಿ ಎಷ್ಟೋ ಕುರಿಗಾರರು ಉಣ್ಣೆಯೇ ಇಲ್ಲದ ನೆಲ್ಲೂರು ತಳಿಯತ್ತ, ನಮ್ಮ ಕಡೆ 'ಎಳಗ' ಅನ್ನುತ್ತಾರಲ್ಲ ಅದರತ್ತ, ತಿರುಗಿದ್ದಾರೆ. ಅವರನ್ನು ದೂರುವ ಹಾಗಿಲ್ಲ, ಹೊಟ್ಟೆಪಾಡು. ಮಿಲ್ಲಿನ ರಗ್ಗು ಅಗ್ಗ, ಹಗುರ, ಚುಚ್ಚುವುದಿಲ್ಲ. ಮಳೆಗೆ ಪ್ಲಾಸ್ಟಿಕ್ ಹಾಳೆ ಸಾಕು. ಕಂಬಳಿ ಕೊಳ್ಳುವವರು ದೇವರ ಕಾರ್ಯಕ್ಕೆ, ಮದುವೆಯ ಶಾಸ್ತ್ರಕ್ಕೆ ಕೊಳ್ಳುತ್ತಾರೆ. ಉಡುಪಾಗಿದ್ದದ್ದು ಶಾಸ್ತ್ರವಾಯಿತು. ಯಾವುದೇ ವಸ್ತು ಬರೀ ಶಾಸ್ತ್ರಕ್ಕೆ ಉಳಿದರೆ ಅದರ ಬುದ್ಧಿ ನಿಧಾನಕ್ಕೆ ಮರೆತುಹೋಗುತ್ತದೆ ಅಂತ ನನ್ನ ಆತಂಕ.

ಹಾಗಂತ ಎಲ್ಲರೂ ಕಂಬಳಿ ಹೊದ್ದು ಆಫೀಸಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಚಾರಣದ ಬಟ್ಟೆ, ಬ್ಯಾಗು ಮಾಡುವ ಕಂಪನಿಗಳಿವೆ, ವಿನ್ಯಾಸ ಕಲಿಸುವ ಕಾಲೇಜುಗಳಿವೆ. ಒರಟು ಉಣ್ಣೆ ಮೈಗೆ ತಾಗದಂತೆ ಒಳಗೊಂದು ಪದರು ಕೊಟ್ಟು ಮೇಲಂಗಿ ಮಾಡಬಹುದು, ಚೀಲ ಮಾಡಬಹುದು, ನೆಲಹಾಸು ಮಾಡಬಹುದು. ಅದರಲ್ಲಿ ಒಂದೇ ಷರತ್ತು: ಕರಿ ಮೈ ಬಿಳಿ ಗೆರೆಯ ಆ ಗುರುತನ್ನು 'ಸ್ಫೂರ್ತಿ' ಅಂತ ಎತ್ತಿಕೊಂಡು ಹೋಗಿ ಬೇರೆಲ್ಲೋ ಮಿಲ್ಲಿನಲ್ಲಿ ಅಚ್ಚು ಹಾಕಿಸಬಾರದು. ಉಣ್ಣೆ ಇಲ್ಲಿನದೇ ಆಗಬೇಕು, ನೇಯ್ದವರ ಹೆಸರು ಒಳಗಿನ ಪಟ್ಟಿಯಲ್ಲಿ ಇರಬೇಕು. ಚಪಡನಿಗೆ ಸಿಕ್ಕಿದ ಜಾಗ ಅವರಿಗೂ ಸಿಗಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಂಬಳಿ ಇದ್ದರೆ ಒಮ್ಮೆ ಇಳಿಸಿ ಬಿಸಿಲಿಗೆ ಹಾಕಿ, ನುಸಿ ಹಿಡಿಯುವ ಮೊದಲು. ಅಂಚಿನಲ್ಲಿ ಎಷ್ಟು ಗೆರೆ ಇದೆ, ಯಾವ ಬಣ್ಣದ್ದು, ಯಾವ ಊರಿನಲ್ಲಿ ನೇಯ್ದದ್ದು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ನಮ್ಮ ನಮ್ಮ ಪುಟಗಳಲ್ಲಿ ಇಂಥ ಹತ್ತು ಕಂಬಳಿಯ ವಿವರ ಸೇರಿದರೂ ಸಾಕು, ಆ ಗೆರೆಗಳಿಗೆ ಮೊದಲ ದಫ್ತರ ಶುರುವಾದಂತೆ.