ನಿರ್ಮೂಲನದ ಬೇರು

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆಯಿರಿ ಎಂದಾಗ ನನಗೆ ರಾಜರು, ಯುದ್ಧಗಳು ನೆನಪಾಗಲಿಲ್ಲ. ಇಂಗ್ಲಿಷ್ ತಾಸಿನಲ್ಲಿ ಬಾಯಿಪಾಠ ಮಾಡಿದ 'ಇರಾಡಿಕೇಟ್' ಎಂಬ ಶಬ್ದ ನೆನಪಾಯಿತು.

ಲ್ಯಾಟಿನ್ ಭಾಷೆಯಲ್ಲಿ 'ರಾಡಿಕ್ಸ್' ಎಂದರೆ ಬೇರು, ಅದರ ಮುಂದಿನ 'ಎ' ಎಂದರೆ ಹೊರಗೆ. ಬೇರುಸಹಿತ ಕಿತ್ತು ಹಾಕುವುದು. ನಮ್ಮ 'ನಿರ್ಮೂಲನ'ದಲ್ಲಿಯೂ ಇರುವುದು ಅದೇ ಬೇರು, ಅಂದರೆ ಮೂಲ. ಇಂಗ್ಲಿಷಿನ 'ರ‍್ಯಾಡಿಶ್' ಕೂಡ ರಾಡಿಕ್ಸ್‌ನಿಂದಲೇ ಬಂದದ್ದು. ಸಂಸ್ಕೃತದಲ್ಲಿ 'ಮೂಲಕ' ಎಂದರೂ ಮೂಲಂಗಿಯೇ. ಆದರೆ ಮೂಲಂಗಿ ಎಳೆದರೆ ಬರುತ್ತದೆ, ಕರಿಕೆ ಬರುವುದಿಲ್ಲ. ಎರಿಹೊಲದಲ್ಲಿ ಕರಿಕೆ ಅಗೆದವರಿಗೆ ಈ ಶಬ್ದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೇಣುದ್ದ ತುಂಡು ಉಳಿದರೆ ಸಾಕು, ಮುಂದಿನ ಮಳೆಗೆ ಮತ್ತೆ ಹಸಿರು.

ನಾನು ಈ ಶಬ್ದವನ್ನು ನಿಜವಾಗಿ ಕಲಿತದ್ದು ವಿಜಾಪುರ ಕಡೆಯ ನಮ್ಮ ಅಜ್ಜನ ಊರಿನಲ್ಲಿ. ಅಜ್ಜನ ಕಾಲಿಗೆ ನಾರುಹುಣ್ಣು ಆಗಿತ್ತು. ಹುಣ್ಣಿನಿಂದ ಹೊರಬಂದ ಬಿಳಿ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಹರಿದರೆ ಕಾಲು ಬಾತು ಕೀವಾಗುತ್ತದೆ. ಬಿತ್ತನೆಯ ಕಾಲಕ್ಕೆ ಅಜ್ಜ ಹಾಸಿಗೆ ಹಿಡಿದ. ನಾನು ಸಾಲೆ ಬಿಟ್ಟು ಎತ್ತು ಕಾದೆ. ಆ ವರ್ಷ ನನ್ನ ಪರೀಕ್ಷೆಯೂ ಹೋಯಿತು.

ಆ ಊರಿಗೆ ಇದ್ದದ್ದು ಒಂದೇ ಮೆಟ್ಟಿಲಬಾವಿ. ಹುಣ್ಣಿನ ಕಾಲು ನೀರಿಗಿಳಿದರೆ ಹುಳು ಮರಿಗಳನ್ನು ಬಿಡುತ್ತದೆ, ನೀರಿನ ಸಣ್ಣ ಚಿಗಟಗಳು ಅವನ್ನು ನುಂಗುತ್ತವೆ, ಆ ನೀರು ಕುಡಿದವನ ಕಾಲಿನಲ್ಲಿ ಸುಮಾರು ವರ್ಷದ ಮೇಲೆ ಹುಳು ಹೊರಬೀಳುತ್ತದೆ. ಇದಕ್ಕೆ ಲಸಿಕೆಯೂ ಇಲ್ಲ, ಹುಳು ಕೊಲ್ಲುವ ಔಷಧಿಯೂ ಇಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಬಾವಿಗೆ ಔಷಧಿ ಹಾಕಿದರು, ಮೆಟ್ಟಿಲು ಮುಚ್ಚಿಸಿ ಸೇದುವ ಬಾವಿ ಮಾಡಿಸಿದರು. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶಕ್ಕೆ ಮುಕ್ತಿಯ ಪ್ರಮಾಣಪತ್ರ ಕೊಟ್ಟಿತು.

ಇದನ್ನು ನಿರ್ಮೂಲನ ಎನ್ನಬಹುದೇ? ವೈದ್ಯರು ಒಪ್ಪುವುದಿಲ್ಲ. ಒಂದು ದೇಶದಿಂದ ಹೋದರೆ ಅದು 'ಎಲಿಮಿನೇಶನ್'. ಅದರೊಳಗಿರುವ ಲ್ಯಾಟಿನ್ 'ಲೀಮೆನ್' ಎಂದರೆ ಹೊಸ್ತಿಲು. ರೋಗವನ್ನು ಹೊಸ್ತಿಲಾಚೆ ಹಾಕಿದಂತೆ, ಅಷ್ಟೇ. ಭೂಮಿಯ ಮೇಲೆಲ್ಲೂ ಉಳಿಯದಿದ್ದರೆ ಮಾತ್ರ 'ಇರಾಡಿಕೇಶನ್'. ಮನುಷ್ಯರ ರೋಗಗಳಲ್ಲಿ ಆ ಹೆಸರು ಇದುವರೆಗೆ ಸಿಡುಬಿಗೆ ಮಾತ್ರ ಸಿಕ್ಕಿದೆ, 1980ರಲ್ಲಿ. ದನಗಳ ದೊಡ್ಡರೋಗಕ್ಕೆ 2011ರಲ್ಲಿ. ನಾರುಹುಳು ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳ ಮೈಯಲ್ಲಿಯೂ ಸೇರಿಕೊಂಡು ಕುಳಿತಿದೆ, ಥೇಟ್ ಕರಿಕೆಯ ಹಾಗೆ.

ಅಜ್ಜನಿಗೆ ಇವೆಲ್ಲ ಗೊತ್ತಿರಲಿಲ್ಲ. ಮೆಟ್ಟಿಲು ಮುಚ್ಚಿದ ಮೇಲೂ ಅವನು ಸಾಯುವತನಕ ಧೋತರದ ಸೆರಗಿನಲ್ಲಿ ಸೋಸಿಯೇ ನೀರು ಕುಡಿದ.