ರಾಬರ್ಟ್‌ಸನ್‌ಪೇಟೆ ಗಡಿಭಾಗದ ಪೆಟ್ರೋಲ್ ದರ ವ್ಯತ್ಯಾಸ

ಕೋಲಾರ ಚಿನ್ನದ ಗಣಿಯ ಪೇಟೆಯಾದ ರಾಬರ್ಟ್‌ಸನ್‌ಪೇಟೆಗೆ ಆಂಧ್ರಪ್ರದೇಶ, ತಮಿಳುನಾಡು ಎರಡರ ಗಡಿಯೂ ಹತ್ತಿರ. ಗಡಿ ದಾಟಿದರೆ ಪೆಟ್ರೋಲ್ ದರ ಬದಲಾಗುತ್ತದೆ. ಇದಕ್ಕೆ ಸಾಗಣೆಯ ದೂರ ಕಾರಣವಲ್ಲ. ಮಂಗಳೂರು ಮತ್ತು ಚೆನ್ನೈ ಕಡೆಯ ತೈಲ ಕೊಳವೆಮಾರ್ಗಗಳು ಬಂದು ಮುಟ್ಟುವ ದೇವನಗೊಂದಿ ಬೆಂಗಳೂರು–ಬಂಗಾರಪೇಟೆ ರೈಲುಮಾರ್ಗದಲ್ಲೇ ಇದೆ. ಶಿರಸಿ, ಚಿಕ್ಕಮಗಳೂರಿನವರು ತೆರುವಷ್ಟು ಸಾಗಣೆ ವೆಚ್ಚ ಈ ಭಾಗಕ್ಕಿಲ್ಲ. ವ್ಯತ್ಯಾಸ ಹುಟ್ಟುವುದು ರಾಜ್ಯಗಳ ತೆರಿಗೆಯಲ್ಲಿ.

ಆ ತೆರಿಗೆ ಸ್ವಾತಂತ್ರ್ಯಕ್ಕಿಂತ ಹಳೆಯದು. 1938ರಲ್ಲಿ ಮಧ್ಯಪ್ರಾಂತ ಮತ್ತು ಬೇರಾರ್ ಸರ್ಕಾರ ಪೆಟ್ರೋಲ್ ಮಾರಾಟಕ್ಕೆ ತೆರಿಗೆ ಹಾಕಿತು. ತಕರಾರು ಫೆಡರಲ್ ಕೋರ್ಟಿಗೆ ಹೋಗಿ ಪ್ರಾಂತವೇ ಗೆದ್ದಿತು. 1939ರಲ್ಲಿ ಮದರಾಸು ಪ್ರಾಂತವೂ ಅದೇ ದಾರಿ ಹಿಡಿಯಿತು. ಗಡಿಯಾಚೆಯ ಚಿತ್ತೂರು, ಕೃಷ್ಣಗಿರಿ ಆಗ ಮದರಾಸಿನಲ್ಲಿದ್ದವು, ಗಣಿ ಮೈಸೂರು ಸಂಸ್ಥಾನದಲ್ಲಿತ್ತು. ಮೈಸೂರು ರಾಜ್ಯದ ಮೋಟಾರ್ ಸ್ಪಿರಿಟ್ (ವಾಹನ ಇಂಧನ) ಮಾರಾಟ ತೆರಿಗೆ ಕಾಯ್ದೆ ಬಂದದ್ದು 1957ರಲ್ಲಿ.

ಪೆಟ್ರೋಲಿನ ಮೂಲ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2010ರ ಜೂನ್‌ನಲ್ಲಿ ಸಡಿಲವಾಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ದಿನನಿತ್ಯದ ಪರಿಷ್ಕರಣೆ ಶುರುವಾಯಿತು. ಮರುತಿಂಗಳೇ ಜಿಎಸ್‌ಟಿ ಜಾರಿಯಾದರೂ ಪೆಟ್ರೋಲ್, ಡೀಸೆಲ್ ಅದರಿಂದ ಹೊರಗುಳಿದವು.

2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು 103 ರೂಪಾಯಿ ಆಯಿತು. ಅದರಲ್ಲಿ ರಾಜ್ಯದ ಪಾಲು ಕಳೆದರೆ ಉಳಿಯುವುದು ಸುಮಾರು 79 ರೂಪಾಯಿ. ಅದೇ 79 ರೂಪಾಯಿಯ ಮೇಲೆ ಕರ್ನಾಟಕ ಸುಮಾರು 23.60 ರೂಪಾಯಿ ಪಡೆದರೆ, ಶೇ 13ರ ಜೊತೆಗೆ 11.52 ರೂಪಾಯಿ ಹಾಕುವ ತಮಿಳುನಾಡು 21.80ರಷ್ಟು ಪಡೆಯುತ್ತದೆ. ಆಂಧ್ರದ ಲೆಕ್ಕ ಶೇ 31, ಮೇಲೆ 4 ರೂಪಾಯಿ, ರಸ್ತೆ ಸೆಸ್ 1 ರೂಪಾಯಿ: ಒಟ್ಟು 29.50ರ ಆಸುಪಾಸು. ಕುಪ್ಪಂ ಕಡೆಯವರಿಗೆ ಕರ್ನಾಟಕದ ಬಂಕೇ ಅಗ್ಗ.

ಪೂರ್ತಿ ಶೇಕಡಾವಾರು ತೆರಿಗೆಯಲ್ಲಿ ಮೂಲ ಬೆಲೆ ಏರಿದಾಗಲೆಲ್ಲ ತೆರಿಗೆಯೂ ತಾನಾಗಿ ಏರುತ್ತದೆ. 2020ರಲ್ಲಿ ಒಂದು ಭಾಗವನ್ನು ನಿಗದಿತ ಮೊತ್ತಕ್ಕೆ ಬದಲಿಸಿದ ತಮಿಳುನಾಡಿನ ಕ್ರಮ ಬಳಕೆದಾರನಿಗೆ ಹೆಚ್ಚು ನ್ಯಾಯವಾದದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಬೆಂಗಳೂರಿಗೆ ಓಡಾಡುವ ಊರಿದು. ಲೀಟರಿಗೆ ಒಂದು ರೂಪಾಯಿ ಏರಿದರೂ ಇಲ್ಲಿನ ಮನೆಗಳಿಗೆ ಹೊರೆಯೇ.

ಡೀಸೆಲ್ ಕಥೆ ಬೇರೆ. 2024ರ ಏರಿಕೆಯ ನಂತರವೂ ಬೆಂಗಳೂರಿನಲ್ಲಿ ಅದು 89 ರೂಪಾಯಿಯ ಆಸುಪಾಸಿನಲ್ಲಿತ್ತು, ಚೆನ್ನೈಯಲ್ಲಿ 92 ದಾಟಿತ್ತು. ಹಾಗಾಗಿ ಪೆಟ್ರೋಲ್ ಬೈಕಿಗೆ ತಮಿಳುನಾಡು ಲಾಭ, ಲಾರಿಗೆ ಕರ್ನಾಟಕ. 2025ರ ಏಪ್ರಿಲ್ 1ರಂದು ಕರ್ನಾಟಕ ಡೀಸೆಲ್ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ಆ ಅಂತರ ಒಂದೂವರೆ ರೂಪಾಯಿಯ ಆಸುಪಾಸಿಗೆ ಇಳಿಯಿತು.